ಹಿಮವಿಲ್ಲದ ನಾಡಿನ ಹೊಳೆ

ಜುಲೈ ತಿಂಗಳ ಕೊನೆಯ ದಿನಗಳಲ್ಲಿ ತುಕ್ಕಾನಟ್ಟಿಯ ಬಯಲಿನಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಆಕಾಶದಲ್ಲಿ ಮೋಡಗಳೇನೋ ಇರುತ್ತವೆ. ಅವು ಪಡುವಣದಿಂದ ಮೂಡಣಕ್ಕೆ ಅವಸರದಲ್ಲಿ ಸಾಗುತ್ತವೆ. ಆದರೆ ನಿಂತು ಸುರಿಯುವುದಿಲ್ಲ. ಒಂದೆರಡು ತುಂತುರು ಬಿದ್ದರೆ ಮಣ್ಣಿನ ಮೇಲ್ಪದರವಷ್ಟೇ ನೆನೆಯುತ್ತದೆ. ರೈತನು ಹೊಲದಲ್ಲಿ ಎಡೆ ಹೊಡೆಯುತ್ತ ಆಗಾಗ ತಲೆಯೆತ್ತಿ ಮೋಡಗಳನ್ನು ನೋಡುತ್ತಾನೆ. ಅದೇ ಹೊತ್ತಿಗೆ ಕೆಲವೇ ಮೈಲಿಗಳ ದೂರದಲ್ಲಿ, ಗೋಕಾಕದ ಮಗ್ಗುಲಲ್ಲಿರುವ ಲೋಳಸೂರ ಸೇತುವೆಯ ಬಳಿ, ಘಟಪ್ರಭೆಯು ಕೆಂಪಗೆ ಕದಡಿ, ಮರದ ದಿಮ್ಮಿಗಳನ್ನೂ ಕಸಕಡ್ಡಿಗಳನ್ನೂ ಹೊತ್ತು, ಸೇತುವೆಯ ಕಂಬಗಳನ್ನು ನುಂಗುತ್ತ ಏರುತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಸೇತುವೆಯೇ ಮುಳುಗಿ ಬಸ್ಸುಗಳ ಓಡಾಟ ನಿಲ್ಲುತ್ತದೆ. ಹೊಲಕ್ಕೆ ಮಳೆ ಸಾಲದೆಂದು ಚಿಂತಿಸುವ ಊರಿನ ಜನ, ಹೊಳೆಗೆ ನೀರು ಹೆಚ್ಚಾಯಿತೆಂದು ಪೇಟೆಗೆ ಹೋಗಲಾರದೆ ಕುಳಿತುಕೊಳ್ಳುತ್ತಾರೆ.

ಮಳೆ ಬೀಳದ ಊರಿಗೆ ಮಹಾಪೂರ ಬರುವುದು ಹೇಗೆ? ಇದನ್ನು ತಿಳಿಯಬೇಕಾದರೆ ಹೊಳೆಯನ್ನು ಅದರ ಹುಟ್ಟಿನಿಂದ ನೋಡುತ್ತ ಬರಬೇಕು.

ತುಕ್ಕಾನಟ್ಟಿ ಬೆಳಗಾವಿ ಜಿಲ್ಲೆಯ ಊರು. ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು, ಮೂಡಲಗಿ ತಾಲೂಕು ಹೊಸದಾಗಿ ರಚನೆಗೊಂಡ ಮೇಲೆ ಅದಕ್ಕೆ ಸೇರಿತು. ಇಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಸುತ್ತಣ ರೈತರಿಗೆಲ್ಲ ಊರಿನ ಹೆಸರು ಪರಿಚಿತವಾಗಿದೆ. ಘಟಪ್ರಭೆಯ ಎಡಬದಿಗೆ ಹರಡಿರುವ ಈ ಸೀಮೆಯಲ್ಲಿ ಎರೆಭೂಮಿಯೂ ಇದೆ, ಕಲ್ಲುಗೊರಚಿನ ಮಡ್ಡಿಯೂ ಇದೆ. ವರ್ಷವೊಂದಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಎಲ್ಲ ವರ್ಷ ಬೀಳುವುದಿಲ್ಲ. ಒಂದು ಜೋಳದ ಬೆಳೆಗೆ ಇದು ಸಾಕು. ತುಂಬಿ ಹರಿಯುವ ನದಿಗೆ ಎಷ್ಟು ಮಾತ್ರಕ್ಕೂ ಸಾಲದು. ಹಾಗಿದ್ದರೂ ಊರಿನ ಬದಿಯಲ್ಲಿ ನದಿ ಹರಿಯುತ್ತಿದೆ; ಏಕೆಂದರೆ ಅದರ ನೀರು ಈ ನೆಲದ ಮೇಲೆ ಬಿದ್ದ ನೀರಲ್ಲ.

ಘಟಪ್ರಭೆಯ ಉಗಮ ಸಹ್ಯಾದ್ರಿಯ ನೆತ್ತಿಯಲ್ಲಿ, ಮಹಾರಾಷ್ಟ್ರದ ಸೀಮೆಯೊಳಗೆ, ಸಮುದ್ರಮಟ್ಟದಿಂದ 884 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಿಂತವನಿಗೆ ಅರಬ್ಬೀ ಸಮುದ್ರ ಬಹು ದೂರವಲ್ಲ. ಆದರೆ ನದಿಯು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತದೆ. ಘಟ್ಟದ ಪಶ್ಚಿಮದ ಮೈ ಗೋಡೆಯಂತೆ ಕಡಿದಾಗಿದ್ದು ಪೂರ್ವದ ಮೈ ಮೆಲ್ಲನೆ ಇಳಿಯುವುದೇ ಇದಕ್ಕೆ ಕಾರಣ. ನೀರು ಬೀಳುವ ಜಾಗದಲ್ಲಿ ಒಂದು ಬಂಡೆಯಷ್ಟು ಆಚೀಚೆಯಾದರೂ ಅದರ ಗತಿ ಬೇರೆ. ಬಂಡೆಯ ಆ ಬದಿಗೆ ಬಿದ್ದ ಹನಿ ಅಂದೇ ಕೊಂಕಣಕ್ಕೆ ಇಳಿದು ಕಡಲನ್ನು ಸೇರಬಹುದು. ಈ ಬದಿಗೆ ಬಿದ್ದ ಹನಿ ಗೋಕಾಕವನ್ನು ನೋಡಿ, ಬಾಗಲಕೋಟೆಯನ್ನು ನೋಡಿ, ಕೃಷ್ಣೆಯೊಡನೆ ಕೂಡಿ, ಭರತಖಂಡದ ಅಗಲವನ್ನೆಲ್ಲ ಅಳೆದು ಬಂಗಾಳಕೊಲ್ಲಿಯನ್ನು ತಲಪಬೇಕು.

ಜೂನ್ ತಿಂಗಳಲ್ಲಿ ನೈರುತ್ಯದ ಗಾಳಿಯು ಕಡಲಿನ ತೇವವನ್ನು ಹೊತ್ತು ಈ ಘಟ್ಟದ ಗೋಡೆಗೆ ಬಂದು ತಾಕುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಮೇಲಕ್ಕೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ತನ್ನ ಹೊರೆಯನ್ನು ಇಳಿಸುತ್ತದೆ. ಘಟ್ಟದ ಅಂಚಿನಲ್ಲಿರುವ ಆಂಬೋಲಿಯಲ್ಲಿ ವರ್ಷವೊಂದಕ್ಕೆ ಸುಮಾರು 7000 ಮಿಲಿಮೀಟರ್ ಮಳೆಯಾಗುತ್ತದೆ. ಆಂಬೋಲಿಯಿಂದ ಗೋಕಾಕಕ್ಕೆ ನೇರ ಗೆರೆಯೆಳೆದರೆ ನೂರು ಕಿಲೋಮೀಟರೂ ಆಗುವುದಿಲ್ಲ. ಅಷ್ಟು ದೂರ ಬರುವಷ್ಟರಲ್ಲಿ ಮೋಡವು ತನ್ನಲ್ಲಿದ್ದುದನ್ನೆಲ್ಲ ಕೊಟ್ಟು ಮುಗಿಸಿರುತ್ತದೆ. ಘಟ್ಟದ ಮೇಲೆ ಬೀಳುವುದರ ಹತ್ತರಲ್ಲೊಂದು ಪಾಲೂ ಬಯಲಿಗೆ ಉಳಿಯುವುದಿಲ್ಲ. ಭೂಗೋಳಶಾಸ್ತ್ರಜ್ಞರು ಇಂಥ ಸೀಮೆಯನ್ನು ಮಳೆಯ ನೆರಳಿನ ಪ್ರದೇಶವೆಂದು ಕರೆಯುತ್ತಾರೆ. ಸಹ್ಯಾದ್ರಿಯ ನೆರಳು ಹೀಗೆ ಮೂಡಲಗಿಯ ಆಚೆಯವರೆಗೂ ಚಾಚಿಕೊಂಡಿದೆ. ಮೋಡ ತಾನಾಗಿ ತರಲಾರದ ನೀರನ್ನು ನದಿಯು ನೆಲದ ಮೇಲಿಂದ ತಂದುಕೊಡುತ್ತದೆ.

ನದಿಯೊಂದೇ ಬರುವುದಿಲ್ಲ. ಘಟ್ಟದ ಸೆರಗಿನಲ್ಲಿಯೇ ತಾಮ್ರಪರ್ಣಿ ಬಂದು ಕೂಡುತ್ತದೆ. ಆಂಬೋಲಿಯ ಕಡೆಯಿಂದ ಹೊರಟ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜಗಳನ್ನು ಹಾದು, ಸಂಕೇಶ್ವರದ ಮಗ್ಗುಲಲ್ಲಿ ಹರಿದು, ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಯನ್ನು ಸೇರುತ್ತದೆ. ಬೆಳಗಾವಿಯ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿದ ಮಾರ್ಕಂಡೇಯ ನದಿಯು ಗೊಡಚಿನಮಲ್ಕಿಯಲ್ಲಿ ಕಣಿವೆಗೆ ಧುಮುಕಿ ಗೋಕಾಕದ ಬಳಿ ಬಂದು ಸೇರುತ್ತದೆ. ಇವುಗಳಲ್ಲಿ ಹಿರಣ್ಯಕೇಶಿಯ ಸಂಗಮವನ್ನು ನೆನಪಿನಲ್ಲಿಡಬೇಕು. ಅದು ಹಿಡಕಲ್ ಅಣೆಕಟ್ಟಿನ ಮೇಲ್ಬದಿಗಲ್ಲ, ಕೆಳಬದಿಗೆ ಇದೆ. ಮುಂದೆ ಮಹಾಪೂರದ ಮಾತು ಬಂದಾಗ ಈ ಸಂಗತಿಯ ಮಹತ್ವ ತಿಳಿಯುತ್ತದೆ.

ಹೊಳೆ ಹರಿಯುವ ನೆಲವೂ ಒಂದೇ ತೆರನಾದುದಲ್ಲ. ಮೇಲಿನ ಸೀಮೆಯಲ್ಲಿ ಅದು ಕರಿಕಲ್ಲಿನ ಮೇಲೆ ಹರಿಯುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಡಿದ ಲಾವಾರಸ ಗಟ್ಟಿಗೊಂಡು ಈ ಕಲ್ಲು ಆಯಿತು. ಅದು ಸವೆದು ಪುಡಿಯಾದುದೇ ಎರೆಮಣ್ಣು. ಗೋಕಾಕದ ಹತ್ತಿರ ನದಿಗೆ ಬೇರೆಯ ನೆಲ ಎದುರಾಗುತ್ತದೆ. ಅಲ್ಲಿಯದು ನೂರು ಕೋಟಿ ವರ್ಷಗಳಿಗಿಂತಲೂ ಹಳೆಯದಾದ ಗಟ್ಟಿ ಮರಳುಗಲ್ಲು. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರಿನಿಂದ ಈ ಶಿಲಾವರ್ಗವನ್ನು ಗುರುತಿಸುತ್ತಾರೆ. ಈ ಬಂಡೆಯ ತುದಿಯಿಂದ ನದಿ ಒಮ್ಮೆಲೇ 52 ಮೀಟರ್ ಕೆಳಕ್ಕೆ ಬೀಳುತ್ತದೆ. ತುಂಬುಹೊಳೆಯ ಕಾಲದಲ್ಲಿ ಬೀಳುವ ನೀರಿನ ಅಗಲ 177 ಮೀಟರ್. ಕುದುರೆಯ ಲಾಳದಂತೆ ಬಾಗಿದ ಆ ಬಂಡೆಯ ಅಂಚು, ಮೇಲೆ ತೂಗುಸೇತುವೆ, ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ, ಇವೆಲ್ಲ ಸೇರಿ ಗೋಕಾಕ ಫಾಲ್ಸ್ ಎಂಬ ಹೆಸರನ್ನು ದೂರದೂರಕ್ಕೆ ಒಯ್ದಿವೆ. ಇದನ್ನು ಅಮೆರಿಕದ ನಯಾಗರಕ್ಕೆ ಹೋಲಿಸುವ ರೂಢಿ ಹಲವರಲ್ಲಿದೆ. ಕಣ್ಣೆದುರಿಗೆ ಇಂಥ ನೀರು ಬೀಳುತ್ತಿರುವಾಗ ಕಾಣದ ಇನ್ನೊಂದು ನೀರಿನ ಹೆಸರು ಹೇಳಿ ಅದನ್ನು ಹೊಗಳಬೇಕಾದ ಅಗತ್ಯವಿಲ್ಲ.

ಆದರೆ ಈ ಜಲಪಾತವನ್ನು ಆಗಸ್ಟಿನಲ್ಲಿ ಕಂಡವರು ಏಪ್ರಿಲಿನಲ್ಲಿ ಬಂದು ನೋಡಿದರೆ ನಂಬಲಾರರು. ಬತ್ತಲೆ ಬಂಡೆ, ಅದರ ಮೇಲೆ ನೀರು ಹರಿದ ಗುರುತು, ಒಂದು ಮೂಲೆಯಲ್ಲಿ ಜಿನುಗುವ ಧಾರೆ, ಇಷ್ಟೇ ಆಗ ಕಾಣುವುದು. ಮೇಲ್ಬದಿಯ ಧೂಪದಾಳದಲ್ಲಿ ನೀರನ್ನು ಕಾಲುವೆಗೆ ತಿರುಗಿಸುವುದು ಇದಕ್ಕೆ ಒಂದು ಕಾರಣ. ಆದರೆ ಮೂಲ ಕಾರಣ ನದಿಯ ಸ್ವಭಾವದಲ್ಲಿಯೇ ಇದೆ. ಅದು ಮಳೆಯನ್ನು ಮಾತ್ರ ನಂಬಿದ ನದಿ.

ಇಲ್ಲಿ ಯುರೋಪಿನ ಒಂದು ನದಿಯನ್ನು ಇದರ ಬದಿಗಿಟ್ಟು ನೋಡುವುದು ಉಪಯುಕ್ತ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ರೋನ್ ಎಂಬ ನದಿ ಹುಟ್ಟುತ್ತದೆ. ಅದರ ತಾಯಿ ಒಂದು ಹಿಮನದಿ, ಅಂದರೆ ವರ್ಷಾನುವರ್ಷ ಬಿದ್ದ ಮಂಜು ಒತ್ತಿ ಗಟ್ಟಿಯಾಗಿ ಮೆಲ್ಲಮೆಲ್ಲನೆ ಜಾರುವ ನೀರ್ಗಲ್ಲಿನ ರಾಶಿ. ಪರ್ವತಗಳ ನಡುವಿನ ಕಣಿವೆಯಲ್ಲಿ ಹರಿದು, ಜಿನೀವಾ ಸರೋವರವನ್ನು ಹೊಕ್ಕು ಹೊರಬಂದು, ಫ್ರಾನ್ಸ್ ದೇಶವನ್ನು ಹಾದು ಅದು ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಜನವರಿ, ಫೆಬ್ರವರಿಗಳಲ್ಲಿ ಆ ಪರ್ವತಗಳ ಮೇಲೆ ನೀರಿಗೇನೂ ಕೊರತೆಯಿಲ್ಲ. ಆದರೆ ಅದು ನೀರಾಗಿ ಬೀಳುವುದಿಲ್ಲ, ಮಂಜಾಗಿ ಬಿದ್ದು ಬಿದ್ದಲ್ಲಿಯೇ ಉಳಿಯುತ್ತದೆ. ಆಗ ಕಣಿವೆಯ ನದಿ ಬಡಕಲಾಗಿರುತ್ತದೆ. ವಸಂತ ಕಳೆದು ಬಿಸಿಲೇರಿದಂತೆ ಮಂಜು ಕರಗತೊಡಗುತ್ತದೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಿಮನದಿಯೂ ಕರಗಿ, ಮೇಲಿನ ರೋನ್ ನದಿಯು ದಂಡೆಯುದ್ದಕ್ಕೂ ತುಂಬಿ ಹರಿಯುತ್ತದೆ.

ತುಂಬುವ ತಿಂಗಳುಗಳನ್ನಷ್ಟೇ ನೋಡಿದರೆ ರೋನ್ ಮತ್ತು ಘಟಪ್ರಭೆಗಳು ಅವಳಿಗಳೆನ್ನಬೇಕು. ಎರಡೂ ಜೂನ್ ತಿಂಗಳಲ್ಲಿ ಏರತೊಡಗುತ್ತವೆ, ಎರಡೂ ಜುಲೈ ಆಗಸ್ಟುಗಳಲ್ಲಿ ತುಂಬಿರುತ್ತವೆ. ಕಾರಣಗಳು ಮಾತ್ರ ಒಂದಕ್ಕೊಂದು ವಿರುದ್ಧ. ಅಲ್ಲಿ ನದಿಯನ್ನು ತುಂಬಿಸುವವನು ಸೂರ್ಯ. ಇಲ್ಲಿ ಸೂರ್ಯನನ್ನು ಮರೆಮಾಡಿದ ಮೋಡ. ಅಲ್ಲಿ ಹರಿಯುವುದು ಕೂಡಿಟ್ಟ ನೀರು. ಇಲ್ಲಿ ಹರಿಯುವುದು ನಿನ್ನೆ ಬಿದ್ದ ನೀರು. ಆಲ್ಪ್ಸಿನ ರೈತನಿಗೆ ಬೇಸಗೆಯ ಬಿಸಿಲು ಹೆಚ್ಚಿದಷ್ಟೂ ನದಿಯ ನೀರು ಹೆಚ್ಚುತ್ತದೆ; ಬಾಯಾರಿದ ಕಾಲಕ್ಕೇ ನೀರು ಒದಗುತ್ತದೆ. ಗೋಕಾವಿ ನಾಡಿನ ರೈತನಿಗೆ ಬಿಸಿಲು ಹೆಚ್ಚಿದಷ್ಟೂ ಹೊಳೆ ಬತ್ತುತ್ತದೆ. ಸಹ್ಯಾದ್ರಿಗೆ ಎತ್ತರವಿದೆ, ಮಳೆಯಿದೆ, ಕಾಡಿದೆ. ಇಲ್ಲದಿರುವುದು ಹಿಮ ಒಂದೇ. ನಾಲ್ಕು ತಿಂಗಳಲ್ಲಿ ಬಂದ ಸಂಪತ್ತನ್ನು ಉಳಿದ ಎಂಟು ತಿಂಗಳಿಗೆ ಕಾಯ್ದಿಡುವ ಉಗ್ರಾಣ ಈ ನಾಡಿಗೆ ಪ್ರಕೃತಿಯಿಂದ ದೊರೆಯಲಿಲ್ಲ.

ಇನ್ನೂ ಒಂದು ತೊಡಕುಂಟು; ಅದನ್ನು ಬಲ್ಲವರು ಒಕ್ಕಲಿಗರು. ರೈತನ ಪಂಚಾಂಗ ತಿಂಗಳುಗಳಿಂದಲ್ಲ, ಮಳೆ ನಕ್ಷತ್ರಗಳಿಂದ ನಡೆಯುತ್ತದೆ. ಜೂನ್ ಮೊದಲ ವಾರ ಕಳೆದೊಡನೆ ಮೃಗಶಿರಾ ಕೂಡುತ್ತದೆ. ಅದನ್ನು ಇಲ್ಲಿಯ ಜನ ಮಿರಗವೆನ್ನುತ್ತಾರೆ. ಅನಂತರ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಒಂದಾದ ಮೇಲೊಂದು ಬರುತ್ತವೆ. ಘಟ್ಟದಲ್ಲಿ ಮಳೆಯ ಅಬ್ಬರ ಹೆಚ್ಚಾಗಿ ಕಾಣುವುದು ಪುನರ್ವಸುವಿನಿಂದ ಆಶ್ಲೇಷದವರೆಗೆ, ಅಂದರೆ ಜುಲೈ ಮೊದಲಿನಿಂದ ಆಗಸ್ಟ್ ನಡುವಿನವರೆಗೆ. ಹೊಳೆ ತುಂಬುವುದೂ ಆಗಲೇ. ಆದರೆ ಬಯಲುಸೀಮೆಯ ಒಳ್ಳೆಯ ಮಳೆಗಳು ಅನಂತರ ಬರುವ ಉತ್ತರಿ, ಹಸ್ತ, ಚಿತ್ತಿಗಳು; ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗಳು. ಎರೆಹೊಲದ ಬಿಳಿಜೋಳ, ಕಡಲೆ, ಗೋದಿಗಳೆಲ್ಲ ಈ ಹಿಂಗಾರಿಯನ್ನೇ ನಂಬಿ ನಿಂತವು. ಹೊಳೆಗೆ ಒಂದು ಹಂಗಾಮು, ಹೊಲಕ್ಕೆ ಇನ್ನೊಂದು. ಹೊಳೆ ತುಂಬಿದಾಗ ಹೊಲಕ್ಕೆ ಅದರ ನೀರು ಏರುವುದಿಲ್ಲ. ಹೊಲ ಕೇಳಿದಾಗ ಹೊಳೆಯಲ್ಲಿ ನೀರು ಇಳಿದಿರುತ್ತದೆ. ಹಸ್ತ ಚಿತ್ತಿಗಳು ಕೈಕೊಟ್ಟ ವರ್ಷ, ಮೂರು ತಿಂಗಳ ಹಿಂದೆ ಕಣ್ಣೆದುರೇ ಹರಿದುಹೋದ ನೀರನ್ನು ನೆನೆದು ರೈತನು ಮರುಗದೆ ಇನ್ನೇನು ಮಾಡಿಯಾನು?

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಬರವು ಬೆಳಗಾವಿ, ಕಲಾದಗಿ, ಧಾರವಾಡ ಸೀಮೆಗಳಲ್ಲಿ ಊರೂರುಗಳನ್ನೇ ಬರಿದು ಮಾಡಿತು. ಅಂದು ಈ ಸೀಮೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬರ ಕಳೆದ ಮೇಲಿನ ದಶಕಗಳಲ್ಲಿ ಧೂಪದಾಳದ ಬಳಿ ಘಟಪ್ರಭೆಗೆ ಅಡ್ಡಲಾಗಿ ಒಂದು ಒಡ್ಡನ್ನು ಕಟ್ಟಿ, ನೀರನ್ನು ಕಾಲುವೆಗೆ ತಿರುಗಿಸಲಾಯಿತು. ಅದೇ ಕಾಲದಲ್ಲಿ ಜಲಪಾತದ ಬಳಿ 1885ರಲ್ಲಿ ಸ್ಥಾಪನೆಗೊಂಡ ಹತ್ತಿಗಿರಣಿಯು ಬೀಳುವ ನೀರಿನ ಬಲದಿಂದ ತನ್ನ ಯಂತ್ರಗಳನ್ನು ನಡೆಸತೊಡಗಿತು. ಆದರೆ ಧೂಪದಾಳದ ಒಡ್ಡು ನೀರನ್ನು ತಿರುಗಿಸಬಲ್ಲುದೇ ಹೊರತು ಹೆಚ್ಚಾಗಿ ಕೂಡಿಡಲಾರದು. ಹೊಳೆಯಲ್ಲಿ ನೀರಿದ್ದಷ್ಟು ದಿನ ಕಾಲುವೆಯಲ್ಲಿ ನೀರು. ಹೊಳೆ ಬತ್ತಿದರೆ ಕಾಲುವೆಯೂ ಬತ್ತಿತು. ಉಗ್ರಾಣದ ಕೊರತೆ ಹಾಗೆಯೇ ಉಳಿಯಿತು.

ಆ ಕೊರತೆಯನ್ನು ತುಂಬಿದ್ದು ಸ್ವಾತಂತ್ರ್ಯಾನಂತರದ ಹಿಡಕಲ್ ಯೋಜನೆ. ಹುಕ್ಕೇರಿ ತಾಲೂಕಿನ ಹಿಡಕಲ್ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ, 1977ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿಗೆ ರಾಜಾ ಲಖಮಗೌಡ ಜಲಾಶಯವೆಂಬ ಹೆಸರಿದೆ. ಇದರಲ್ಲಿ 51 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ; ಪತ್ರಿಕೆಗಳಲ್ಲಿ ದಿನವೂ ಕಾಣುವ ಈ ಅಳತೆಯನ್ನು ವಿದ್ಯಾರ್ಥಿಗಳು ಅರಿತಿರುವುದು ಒಳ್ಳೆಯದು. ಧೂಪದಾಳದಿಂದ ಹೊರಡುವ ಹಳೆಯ ಎಡದಂಡೆ ಕಾಲುವೆಯನ್ನು ಮುಂದಕ್ಕೆ ಬೆಳೆಸಿ 109 ಕಿಲೋಮೀಟರ್ ಉದ್ದಕ್ಕೆ ಒಯ್ಯಲಾಯಿತು. ಬಲದಂಡೆಗೂ ಚಿಕ್ಕೋಡಿಯ ಕಡೆಗೂ ಬೇರೆ ಕಾಲುವೆಗಳಾದವು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಮೂರು ಲಕ್ಷ ಹೆಕ್ಟೇರಿಗಿಂತ ಹೆಚ್ಚಿನ ನೆಲಕ್ಕೆ ನೀರುಣಿಸುವುದು ಯೋಜನೆಯ ಗುರಿ. ಆಲ್ಪ್ಸಿನಲ್ಲಿ ಹಿಮವು ಮಾಡುವ ಕೆಲಸವನ್ನು ಇಲ್ಲಿ ಕಲ್ಲು ಮಣ್ಣುಗಳ ಈ ಕಟ್ಟೆ ಮಾಡುತ್ತದೆ. ಪುಷ್ಯ ಆಶ್ಲೇಷಗಳಲ್ಲಿ ಘಟ್ಟದಲ್ಲಿ ಬಿದ್ದ ಮಳೆ ಹಿಡಕಲ್ಲಿನಲ್ಲಿ ತಡೆದು ನಿಂತು, ಮಾಘಮಾಸದಲ್ಲಿ ತುಕ್ಕಾನಟ್ಟಿ ಸೀಮೆಯ ಹೊಲದ ಬದುವಿಗೆ ಬರುತ್ತದೆ. ಘಟವೆಂದರೆ ಕೊಡ. ಹೆಸರಿನಲ್ಲಿ ಕೊಡವಿದ್ದ ನದಿಗೆ ಕೊನೆಗೂ ಒಂದು ಕೊಡ ಒದಗಿತು.

ಕೊಡವನ್ನಿಡಲು ಜಾಗ ಬೇಕಲ್ಲವೇ? ಆ ಜಾಗದಲ್ಲಿ ಊರುಗಳಿದ್ದವು. ಮನೆ, ಗುಡಿ, ಬಾವಿ, ತಲೆತಲಾಂತರದಿಂದ ಉತ್ತುಬಂದ ಹೊಳೆಸಾಲಿನ ಹೊಲಗಳಿದ್ದವು. ಅಲ್ಲಿಯ ಜನ ತಮ್ಮ ನೆಲವನ್ನು ನೀರಿಗೆ ಬಿಟ್ಟುಕೊಟ್ಟು ಬೇರೆಡೆಗೆ ಹೋಗಿ ನೆಲೆಸಿದರು. ಕೆಳಗಣ ಬಯಲಿನ ಹಸುರಿನ ಹಿಂದೆ ಮೇಲಣ ಊರುಗಳವರು ತೆತ್ತ ಬೆಲೆ ಇದೆ. ಕಾಲುವೆಯ ನೀರು ಕುಡಿದು ಬೆಳೆದ ಕಬ್ಬಿನ ನಡುವೆ ನಿಂತವರಿಗೆ ಇದು ಮರೆತುಹೋಗುವುದು ಸುಲಭ.

ಕಬ್ಬಿನ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಕಾಲುವೆ ಬರುವುದಕ್ಕೆ ಮುಂಚೆ ಜೋಳ ಕಡಲೆಗಳನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಕಬ್ಬು, ಗೋವಿನಜೋಳ, ಅರಿಷಿಣಗಳು ಬೆಳೆಯುತ್ತವೆ. ಮನೆಗಳ ಸ್ಥಿತಿ ಸುಧಾರಿಸಿತು; ಮಕ್ಕಳು ಓದಿದರು. ಆದರೆ ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆ. ಕಾಲುವೆಯ ತಲೆಯ ಬಳಿ ಇರುವವರು ಅಗತ್ಯಕ್ಕಿಂತ ಹೆಚ್ಚು ನೀರನ್ನು ಹಾಯಿಸಿದರೆ ಎರಡು ಕಡೆ ಕೇಡಾಗುತ್ತದೆ. ಮೊದಲನೆಯದಾಗಿ, ಕಾಲುವೆಯ ಕೊನೆಯಲ್ಲಿರುವವರ ಪಾಳಿ ಬರುವಷ್ಟರಲ್ಲಿ ನೀರು ತೀರಿರುತ್ತದೆ. ಒಂದೇ ಕಾಲುವೆಯ ದಂಡೆಯಲ್ಲಿದ್ದರೂ ಮೇಲಿನವನು ನೀರಾವರಿಯ ರೈತ, ಕೆಳಗಿನವನು ಮಳೆಯ ರೈತ. ಎರಡನೆಯ ಕೇಡು ನೀರು ಹಾಯಿಸಿದವನ ಹೊಲಕ್ಕೇ ತಟ್ಟುತ್ತದೆ. ಎರೆಮಣ್ಣು ನೀರನ್ನು ಬೇಗ ಬಸಿಯಗೊಡುವುದಿಲ್ಲ. ಕೆಳಗೆ ನಿಂತ ನೀರು ಮಣ್ಣಿನೊಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲಕ್ಕೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಬೆಳ್ಳಗೆ ಉಳಿಯುತ್ತದೆ. ಇದೇ ಸವಳು. ನೀರು ಬಸಿಯದೆ ಸದಾ ತೇವದಲ್ಲಿ ಕೊಳೆಯುವ ನೆಲ ಜವಳು. ಬರಗಾಲದಲ್ಲಿಯೂ ನಾಲ್ಕು ಚೀಲ ಜೋಳ ಕೊಟ್ಟಿದ್ದ ಹೊಲ ಹೀಗೆ ಹುಲ್ಲೂ ಬೆಳೆಯದ ಬೀಳಾಗಬಹುದು. ನೀರಿಲ್ಲದೆ ಕೆಡುವ ನೆಲವನ್ನು ಹಿರಿಯರು ಕಂಡಿದ್ದರು. ನೀರಿನಿಂದ ಕೆಡುವ ನೆಲವನ್ನು ಈ ಪೀಳಿಗೆ ಕಂಡಿತು. ಬಸಿಗಾಲುವೆ ತೋಡುವುದು, ಹಸಿರೆಲೆ ಗೊಬ್ಬರ ಹಾಕುವುದು, ಹನಿ ನೀರಾವರಿಗೆ ತಿರುಗುವುದು ಇದಕ್ಕೆ ಪರಿಹಾರಗಳು. ಯಾವುದೂ ಕಬ್ಬಿನ ಹೊಲಕ್ಕೆ ಒಂದು ರಾತ್ರಿ ನೀರು ತೆರೆದುಬಿಟ್ಟು ಮಲಗುವಷ್ಟು ಸುಲಭವಲ್ಲ.

ಇನ್ನು ಮಹಾಪೂರದ ಮಾತು. 2019ರಲ್ಲಿ ಮುಂಗಾರು ತಡವಾಗಿ ಬಂದು, ಜೂನ್ ತಿಂಗಳಲ್ಲಿ ನಾಡೆಲ್ಲ ಮಳೆಗಾಗಿ ಕಾದಿತ್ತು. ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆಯಲ್ಲಿ, ಘಟ್ಟಕ್ಕೆ ಘಟ್ಟವೇ ಕಳಚಿಬಿದ್ದಂತೆ ಮಳೆ ಸುರಿಯಿತು. ಹಿಡಕಲ್ ತುಂಬಿತು. ತುಂಬಿದ ಮೇಲೆ ಬಂದ ನೀರನ್ನು ಬಂದಂತೆಯೇ ಬಿಡಬೇಕಾಯಿತು. ಕೆಳಗೆ ಹಿರಣ್ಯಕೇಶಿಯೂ ಉಕ್ಕಿ ಬಂದಿತು. ಅದರ ನೀರು ಹಿಡಕಲ್ಲಿನ ಕೆಳಗೆ ಸೇರುವುದರಿಂದ ಅದನ್ನು ಹಿಡಕಲ್ಲಿನ ಬಾಗಿಲುಗಳು ತಡೆಯಲಾರವು. ಗೋಕಾಕದ ಬಳಿ ಮಾರ್ಕಂಡೇಯವೂ ಸೇರಿಕೊಂಡಿತು. ಮೂರು ಹೊಳೆಗಳ ನೀರು ಒಂದೇ ಕಾಲಕ್ಕೆ ಒಂದೇ ಪಾತ್ರದಲ್ಲಿ ಇಳಿದುಬಂದಾಗ ಪಾತ್ರ ಸಾಲಲಿಲ್ಲ. ಗೋಕಾಕ ಪಟ್ಟಣದ ಕೆಳಭಾಗ ಜಲಾವೃತವಾಯಿತು. ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳ ಜನ ದನಕರುಗಳೊಡನೆ ಮನೆ ಬಿಟ್ಟು ಎತ್ತರದ ಜಾಗಗಳಿಗೆ ಹೋದರು. ಮಣ್ಣಿನ ಗೋಡೆಗಳು ನೀರಿನಲ್ಲಿ ನೆನೆದು ಕುಸಿದವು. ತಡವಾದ ಮಳೆಗಾಗಿ ದೇವರಿಗೆ ಹರಕೆ ಹೊತ್ತ ಜನ ಎರಡು ತಿಂಗಳೊಳಗೆ ಪರಿಹಾರ ಕೇಂದ್ರಗಳಲ್ಲಿದ್ದರು. 2021ರ ಜುಲೈಯಲ್ಲಿಯೂ 2024ರ ಜುಲೈಯಲ್ಲಿಯೂ ಹೊಳೆ ಮತ್ತೆ ದಂಡೆ ಮೀರಿತು. ಮೂರು ಸಲವೂ ನೀರು ಬಂದುದು ಪುಷ್ಯ ಆಶ್ಲೇಷಗಳ ಆಸುಪಾಸಿನಲ್ಲಿಯೇ.

ಇಷ್ಟು ದೊಡ್ಡ ಅಣೆಕಟ್ಟಿದ್ದರೂ ಮಹಾಪೂರವೇಕೆ ಎಂದು ಕೇಳುವವರುಂಟು. ಒಂದು ಸರಳ ಲೆಕ್ಕದಿಂದ ಇದಕ್ಕೆ ಉತ್ತರ ಸಿಗುತ್ತದೆ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡುಗಳು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿ.ಎಂ.ಸಿ. ಆಗುತ್ತದೆ. ಪೂರ್ತಿ ಬರಿದಾದ ಹಿಡಕಲ್ ಕೂಡ ಆ ವೇಗದಲ್ಲಿ ಬರುವ ನೀರಿಗೆ ಆರು ದಿನಗಳೊಳಗೆ ತುಂಬಿಹೋಗುತ್ತದೆ. ಆಗಸ್ಟ್ ಹೊತ್ತಿಗೆ ಅದು ಬರಿದಾಗಿರುವುದೂ ಇಲ್ಲ. ಮಹಾಪೂರವನ್ನು ತಡೆಯಬೇಕಾದರೆ ಜಲಾಶಯದಲ್ಲಿ ಖಾಲಿ ಜಾಗವಿರಬೇಕು. ಬೇಸಗೆಗೆ ನೀರು ಬೇಕಾದರೆ ಜಲಾಶಯ ತುಂಬಿರಬೇಕು. ಒಂದೇ ಕೊಡವು ಒಂದೇ ದಿನ ತುಂಬಿಯೂ ಇರಬೇಕು, ಬರಿದೂ ಆಗಿರಬೇಕು. ಜುಲೈ ಕೊನೆಯಲ್ಲಿ ಮುಂದೆ ಮಳೆ ಬರುವುದೆಂದು ನೀರು ಬಿಟ್ಟರೆ, ಮಳೆ ಬಾರದೆ ಹೋದಾಗ ಬೇಸಗೆಯಲ್ಲಿ ಕಬ್ಬು ಒಣಗುತ್ತದೆ, ಊರುಗಳಿಗೆ ಕುಡಿಯುವ ನೀರಿಗೂ ತೊಂದರೆ. 2023ರಲ್ಲಿ ಹೀಗೆಯೇ ಮುಂಗಾರು ಸೋತು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬಿಡದೆ ತುಂಬಿಸಿಟ್ಟುಕೊಂಡರೆ, ಆಶ್ಲೇಷದ ಒಂದು ವಾರದ ಮಳೆ ಗೋಕಾಕದ ಓಣಿಗಳಿಗೆ ನೀರು ನುಗ್ಗಿಸಬಹುದು. ಈ ತೂಕವನ್ನು ಪ್ರತಿ ವರ್ಷವೂ ಹೊಸದಾಗಿ ತೂಗಬೇಕು. ಘಟ್ಟದಲ್ಲಿ ಎಷ್ಟು ಮಳೆಯಾಯಿತು, ಇನ್ನೆಷ್ಟು ಆಗಲಿದೆ ಎಂಬ ಸುದ್ದಿ ಎಷ್ಟು ಬೇಗ ಸಿಕ್ಕರೆ ತೂಕ ಅಷ್ಟು ಸರಿಯಾಗುತ್ತದೆ. ಮಳೆ ಬೀಳುವುದು ಒಂದು ರಾಜ್ಯದಲ್ಲಿ, ನೀರು ನಿಲ್ಲುವುದು ಇನ್ನೊಂದರಲ್ಲಿ. ಆದುದರಿಂದ ಎರಡೂ ರಾಜ್ಯಗಳ ಅಧಿಕಾರಿಗಳು ಪರಸ್ಪರ ಸುದ್ದಿ ಕೊಡುತ್ತಿರಬೇಕಾಗುತ್ತದೆ. ಜಲಾಶಯದಿಂದ ಬಿಟ್ಟ ನೀರು ಒಂದು ದಿನ ಕಳೆಯುವುದರೊಳಗೆ ಗೋಕಾಕದ ಬಾಗಿಲಲ್ಲಿರುತ್ತದೆ. ಡಂಗುರವಾಗಲಿ ಧ್ವನಿವರ್ಧಕವಾಗಲಿ ಅದಕ್ಕಿಂತ ಮೊದಲು ಹಳ್ಳಿಯನ್ನು ಮುಟ್ಟಬೇಕು.

ಹಿಮಕ್ಕೂ ಅಣೆಕಟ್ಟಿಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಹಿಮವು ಯಾರ ಅಪ್ಪಣೆಯನ್ನೂ ಕಾಯದೆ ಬಿಸಿಲಿಗೆ ತಕ್ಕಂತೆ ಕರಗುತ್ತದೆ. ಅಣೆಕಟ್ಟಿನ ಬಾಗಿಲನ್ನು ಮನುಷ್ಯನು ತೆರೆಯಬೇಕು. ಹಾಗೆಂದು ಆಲ್ಪ್ಸಿನವರು ನಿಶ್ಚಿಂತರೆಂದು ತಿಳಿಯಬಾರದು. ಭೂಮಿಯ ತಾಪ ಏರಿದಂತೆ ಅವರ ಉಗ್ರಾಣವೇ ಕರಗಿಹೋಗುತ್ತಿದೆ. ರೋನ್ ಹಿಮನದಿ ಹಿಂದೆ ಹಿಂದೆ ಸರಿಯುತ್ತ ಬಂದು, ಅದು ಇದ್ದ ಜಾಗದಲ್ಲಿ ಬರಿಯ ಬಂಡೆ ಕಾಣುತ್ತಿದೆ. ಅದರ ಅಂಚಿನ ಹಿಮಗುಹೆಯನ್ನು ಉಳಿಸಿಕೊಳ್ಳಲು ಬೇಸಗೆಯಲ್ಲಿ ಬಿಳಿಯ ಹೊದಿಕೆ ಹೊದಿಸಿ ಬಿಸಿಲಿನಿಂದ ಮರೆಮಾಡುವುದುಂಟು. ಹಿಮಕ್ಕೆ ಕಂಬಳಿ ಹೊದಿಸುವ ಕಾಲವೂ ಬಂದಿತು!

ಚಿತ್ತಿ ಮಳೆ ಕಳೆದ ಮೇಲೆ ಘಟಪ್ರಭೆ ತಿಳಿಯಾಗುತ್ತದೆ. ಕೆಂಪು ನೀರು ಹಸುರಾಗಿ, ದಂಡೆಗಳು ಮತ್ತೆ ಕಾಣುತ್ತವೆ. ಚಳಿಗಾಲದಲ್ಲಿ ಧೂಪದಾಳದ ಹಿನ್ನೀರಿಗೆ ಡೆಮೊಯ್ಸೆಲ್ ಎಂಬ ಕ್ರೌಂಚಪಕ್ಷಿಗಳು ದೂರದ ಉತ್ತರದೇಶಗಳಿಂದ ಹಾರಿ ಬರುತ್ತವೆ. ಸರಕಾರವು 1974ರಲ್ಲಿ ಈ ಪ್ರದೇಶವನ್ನು ಪಕ್ಷಿಧಾಮವೆಂದು ಘೋಷಿಸಿತು. ತಮ್ಮ ನಾಡಿನ ನೀರು ಹಿಮಗಟ್ಟಿದಾಗ ಹಿಮವಿಲ್ಲದ ನಾಡನ್ನು ಅರಸಿ ಬರುವ ಈ ಅತಿಥಿಗಳು ಮಾರ್ಚ್ ಹೊತ್ತಿಗೆ ಹೊರಟುಹೋಗುತ್ತವೆ. ಅಲ್ಲಿಂದ ಮುಂದಿನದು ಕಾಲುವೆಯ ಪಾಳಿಗಳ ಕಾಲ. ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ, ತಮ್ಮ ಹೊಲಕ್ಕೆ ಮುಟ್ಟುತ್ತದೆಯೇ ಎಂಬುದೇ ಊರ ಕಟ್ಟೆಯ ಮೇಲಿನ ಮಾತು.

ನೀರು ಬಿಟ್ಟಂತೆಲ್ಲ ಮೇಲೆ ಹಿಡಕಲ್ಲಿನಲ್ಲಿ ಜಲಾಶಯ ಇಳಿಯುತ್ತದೆ. ಮುಳುಗಡೆಯಾದ ಹುನ್ನೂರಿನ ವಿಠ್ಠಲ ದೇವಾಲಯವು ಮಳೆಗಾಲದಲ್ಲಿ ನೀರಿನಡಿಯಲ್ಲಿದ್ದು, ಬೇಸಗೆ ಮುಂದುವರಿದಂತೆ ಮೊದಲು ಶಿಖರವನ್ನೂ ಬಳಿಕ ಗೋಡೆಗಳನ್ನೂ ಹೊರಗೆ ತೋರುತ್ತದೆ. ನೀರು ಸಾಕಷ್ಟು ಇಳಿದ ವರ್ಷಗಳಲ್ಲಿ ಜನ ಕೆಸರು ಒಣಗಿದ ನೆಲದ ಮೇಲೆ ನಡೆದು ಗುಡಿಯ ಬಾಗಿಲಿನವರೆಗೂ ಹೋಗಿಬರುತ್ತಾರೆ. ಗುಡಿ ಪೂರ್ತಿ ಕಂಡಿತೆಂದರೆ ಕೆಳಗಣ ಕಾಲುವೆಗಳಿಗೆ ಉಳಿದ ನೀರು ಎಷ್ಟು ಕಡಿಮೆಯೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಮಿರಗ ಕೂಡಿ ಘಟ್ಟದಲ್ಲಿ ಮಳೆ ಹಿಡಿದು, ಆ ಗೋಡೆಗಳು ಮತ್ತೆ ಒಂದೊಂದೇ ವರಸೆ ಮುಳುಗತೊಡಗಿದಾಗ ತುಕ್ಕಾನಟ್ಟಿಯ ಕಡೆ ರೈತರು ಬಿತ್ತುವ ಬೀಜವನ್ನು ಹೊರಗೆ ತೆಗೆಯುತ್ತಾರೆ.